ಕಳ್ಳಿಗೆ ಬಿದ್ದ ಸುಣ್ಣ

ಯುಗಾದಿಯ ಮರುದಿನ, ಮಾಂಸದಡುಗೆಯ ಹೊಸತೊಡಕು. ಬೆಳಿಗ್ಗೆ ಆರು ಗಂಟೆ. ರಾಮನಗರದ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ಹಾಜರಿದ್ದವರು: ನಾನು, ನನ್ನ ಹೆಂಡತಿ, ಹಬ್ಬಕ್ಕೆಂದು ಕೋಡಿಹಳ್ಳಿಯಿಂದ ಬಂದಿದ್ದ ನನ್ನ ಅಕ್ಕ. ಆಗಷ್ಟೇ ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಮೊದಲ ಪಾಳಿಯವರ ಬಸ್ಸು ಹಾರನ್ ಹೊಡೆಯುವಾಗ ನಾನು ಕಳ್ಳಿಯ ತಟ್ಟೆಯ ಮುಂದೆ ಕೂತಿರಬೇಕು. ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೆ ಉಳಿದಿದ್ದ ಕವಾಯತು ಅದೊಂದೇ.

ಸಂಕ್ರಾಂತಿಯಾದ ಮರುವಾರ ಮರುಭೂಮಿಯ ಪುಟ್ಟ ಕಳ್ಳಿಗಳ ಬೀಜ ಬಿತ್ತಿದ್ದೆ. ಒಂದೊಂದೂ ರಾಗಿ ಕಾಳಿಗಿಂತ ಸಣ್ಣದು. ಹೆಂಡತಿಯ ದೊಡ್ಡ ಅಲ್ಯೂಮಿನಿಯಂ ತಟ್ಟೆಗೆ ಮರಳು ಬೆರೆಸಿದ ಮಣ್ಣು ತುಂಬಿ, ತೇವ ಆರದಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೆ. ಮೊಳೆತವು ಹಸಿರು ಗುಂಡುಗಳಾಗಿ ಕೂತವೇ ಹೊರತು ಕಳ್ಳಿಯ ಲಕ್ಷಣವೇನೂ ಕಾಣಲಿಲ್ಲ. ಅವನ್ನು ಪಾಚಿ ಎಂದೇ ಕರೆಯುತ್ತಿದ್ದ ಹೆಂಡತಿ ಗಡುವು ಕೊಟ್ಟಿದ್ದಳು: ಹೊಸತೊಡಕಿಗೆ ಮುಳ್ಳು ತೋರಿಸಬೇಕು, ಇಲ್ಲವಾದರೆ ಗಿಡ ತಿಪ್ಪೆಗೆ, ತಟ್ಟೆ ಅಡುಗೆಮನೆಗೆ.

ಪ್ಲಾಸ್ಟಿಕ್ ತೆಗೆದೆ. ತಟ್ಟೆಯೆಲ್ಲ ಬೆಳ್ಳಗಿತ್ತು.

"ಬೂಷ್ಟು ಬಂದ್ಬುಡ್ತು!" ಎಂದೆ.

"ಬೂಷ್ಟಲ್ಲ ಕಣಪ್ಪ, ಸುಣ್ಣ. ನಾನೇ ಉದುರ್ಸ್ದೆ," ಎಂದಳು ಅಕ್ಕ, ಕಾಫಿ ಹೀರುತ್ತ.

ಅಕ್ಕ ಆಯುಷ್ಯವೆಲ್ಲ ರೇಷ್ಮೆಹುಳು ಸಾಕಿದವಳು. ಎಳೆಹುಳುಗಳ ತಟ್ಟೆಗೂ ಹೀಗೇ ಹೊದಿಕೆ ಹಾಕುತ್ತಾರೆ. ಪೊರೆ ಬಿಡುವ ಮೊದಲು ಹುಳು ಮೇಯದೆ, ಅಲುಗದೆ ಮಲಗುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಹಾಸು ಒಣಗಲೆಂದು ಸುಣ್ಣದ ಪುಡಿ ಉದುರಿಸುವುದು ವಾಡಿಕೆ.

"ಅವು ಗಿಡ ಅಕ್ಕ!"

"ಗಿಡುಕ್ಕೆ ಯಾರ್ಲಾ ಕಂಬ್ಳಿ ಹೊದ್ದುಸ್ತಾರೆ? ಒಂದೂ ಮಿಸುಕ್ತಿರ್ಲಿಲ್ಲ. ಜ್ವರಕ್ಕೆ ಬಿದ್ದವೆ, ಈವಯ್ಯಂಗೆ ಗೊತ್ತಾಗಿಲ್ಲ ಅನ್ಕಂಡೆ. ಗೋಡೆ ಬಳ್ದು ಮಿಕ್ಕಿತ್ತಲ್ಲ, ಅದ್ನೇ ಒಸಿ ಹಾಕ್ದೆ."

"ಸದ್ಯ, ಪಾಚಿಗೂ ಸುಣ್ಣ ಬಳ್ದಂಗಾಯ್ತು," ಎಂದಳು ಹೆಂಡತಿ. "ತಟ್ಟೆ ಕೊಡ್ರಿ, ಬಾಡು ಬರೋ ಹೊತ್ತಾಯ್ತು."

"ಒಸಿ ತಡಿ, ಕೊಡವಿ ನೋಡ್ತೀನಿ."

"ಹೊಸತೊಡಕ್ನಲ್ಲಿ ಮಾಡಿದ್ನೇ ವರ್ಸವೆಲ್ಲ ಮಾಡೋದಂತೆ. ಹಿಂಗೇ ಪಾಚಿ ಗುಡಿಸ್ಕಂಡು ಕೂತಿರಿ."

ಸಣ್ಣ ಕುಂಚ ಹಿಡಿದು, ಬಲಗಡೆಯಿಂದ ಸಾಲು ತಪ್ಪದೆ ಪುಡಿ ಕೊಡವುತ್ತ ಬಂದೆ. ಕುಂಚ ಓಡಿದಲ್ಲೆಲ್ಲ ಹಸಿರು ಮೈ ಹೊರಬಂತು. ನೆತ್ತಿಯ ಬಿಳುಪು ಮಾತ್ರ ಹೋಗಲೊಲ್ಲದು. ತಟ್ಟೆಗಾಗಿ ಕಾದು ನಿಂತಿದ್ದ ಹೆಂಡತಿ ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಇದೇನ್ರೀ, ಗಡ್ಡ ಬಂದಂಗೈತೆ?"

ನೋಡಿದೆ. ಕೂದಲಿಗಿಂತ ಸಣ್ಣ ಮುಳ್ಳುಗಳು. ಇಷ್ಟು ದಿನ ಕಣ್ಣಿಗೆ ಬೀಳದವು ಈಗ ಸುಣ್ಣ ಅಂಟಿ ಒಂದೊಂದೂ ಎದ್ದು ಕಾಣುತ್ತಿದ್ದವು.

"ಮುಳ್ಳು ಕಣೇ! ಗಡುವಿನೊಳಗೇ!"

"ಊಂ, ಮುಳ್ಳೇ," ಎಂದು ಒಪ್ಪಿದಳು, ನನ್ನನ್ನಲ್ಲ, ಅಕ್ಕನನ್ನು ನೋಡಿ. "ಸುಣ್ಣ ಬೀಳ್ದೆ ಇದ್ದಿದ್ರೆ ಇಷ್ಟೊತ್ಗೆ ತಿಪ್ಪೇಲಿರೋವು."

"ಹುಳುಕ್ಕೆ ಮುಳ್ಳು ಬಂದ್ರೆ ರೋಗ ಕಣವ್ವ, ಬಿಸಾಕು," ಎಂದಳು ಅಕ್ಕ.

ಬಾಡು ಬಂತು. ಹೆಂಡತಿ ಗೊಣಗದೆ ಬಾಳೆಲೆ ಹಾಸಿ ಅದರ ಮೇಲೆ ಹರವಿಸಿಕೊಂಡಳು. ನಾನು ಮೇಲುಮಣ್ಣಿನ ಸುಣ್ಣವನ್ನು ಚಮಚದಲ್ಲಿ ಕೆರೆದು ತೆಗೆದೆ, ಹೊಸ ಮರಳು ಉದುರಿಸಿದೆ, ನೀರು ಚಿಮುಕಿಸಿದೆ. ಕೊನೆಗೆ ಸ್ಟೂಲು ಹತ್ತಿ, ತಟ್ಟೆಯನ್ನು ಅಕ್ಕನಿಗೆ ಎಟುಕದ ಸಜ್ಜದ ಮೇಲಿಟ್ಟು ಪ್ಲಾಸ್ಟಿಕ್ ಹೊದಿಸಿ ಇಳಿದೆ.