ಬಾಯಮ್ಮನ ದಾಸವಾಳ

ಕಟಪಾಡಿಯಲ್ಲಿ ನಮ್ಮ ಮನೆಯ ಮಗ್ಗುಲಿಗೇ ಕೇಕಿನ ಅಂಗಡಿ ಇಟ್ಟಿದ್ದವರನ್ನು ನಾವೆಲ್ಲ ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಅವರು ಕ್ರೀಮಿನಲ್ಲಿ ಅರಳಿಸುವ ಗುಲಾಬಿಗಾಗಿ ಕಾರ್ಕಳದಿಂದಲೂ ಜನ ಬರುತ್ತಿದ್ದರು. ಎಂಥ ಕಷ್ಟದ ಕೇಕು ಕೇಳಿದರೂ ಅವರದು ಒಂದೇ ಮಾತು: "ಅದೆಂತ ದೊಡ್ಡ ಸಂಗತಿ?"

ಒಮ್ಮೆ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಗ ಅಂಗಡಿ ಮುಚ್ಚುವುದೆಂದು ನಿಶ್ಚಯಿಸಿ, ಓವನ್ನಿಗೆ ಗಿರಾಕಿಯನ್ನೂ ಹುಡುಕಿದ್ದ. ಬಾಯಮ್ಮ ವಾದಕ್ಕೆ ಹೋಗಲಿಲ್ಲ. ಅಂಗಡಿಗೆ ಬಂದು ಕುಳಿತು, ಎಡಗೈಯಲ್ಲಿ ಕ್ರೀಮು ಹಿಂಡುವ ಕೋನು ಹಿಡಿದರು. ಗುಲಾಬಿಯ ಎಸಳುಗಳು ಅಗಲವಾಗಿ ಚೆಲ್ಲಿಕೊಂಡವು.

"ಅಜ್ಜಿ, ಇದು ಗುಲಾಬಿ ಅಲ್ಲ, ದಾಸವಾಳ!" ಎಂದು ಮೊಮ್ಮಗಳು ನಕ್ಕಳು.

"ಅದೆಂತ ದೊಡ್ಡ ಸಂಗತಿ? ಇನ್ನು ದಾಸವಾಳವೇ."

ಮದುವೆಯ ಕೇಕಿಗೆ ಬಂದ ಹೆಂಗಸೊಬ್ಬರು ಗುಲಾಬಿಯೇ ಬೇಕೆಂದರು.

"ಆ ಕೈ ಹೋಯ್ತು ಮಾರಾಯ್ರೆ. ಈ ಕೈಗೆ ಬರುವುದು ಇದೇ," ಎಂದರು ಬಾಯಮ್ಮ.

"ಮಮ್ಮಿ, ಅವರು ಬೇರೆ ಅಂಗಡಿಗೆ ಹೋಗ್ತಾರೆ," ಎಂದು ಮಗ ಪಿಸುಗುಟ್ಟಿದ.

"ಹೋಗಲಿ. ಅವರಿಗೆ ಕಾಲು ಉಂಟಲ್ಲ."

ಹೆಂಗಸು ಜೋರಾಗಿ ನಕ್ಕರು. ಮೂರು ಅಂತಸ್ತಿಗೂ ಕೆಂಪು ದಾಸವಾಳವೇ ಇರಲಿ ಎಂದು ಹೇಳಿ ಹೋದರು.

ಆ ಕೇಕು ಬೇಯುತ್ತಿದ್ದಾಗಲೇ ಓವನ್ ಕೊಳ್ಳುವವರು ನೋಡಲು ಬಂದರು. ಒಬ್ಬರು ಅದರ ಬಾಗಿಲಿಗೆ ಕೈ ಚಾಚಿದರು. ಬಾಯಮ್ಮ ಕುರ್ಚಿಯಿಂದ ಏಳಲೂ ಇಲ್ಲ.

"ಮುಟ್ಟಬೇಡಿ," ಎಂದರು. "ಬಿಸಿ ಉಂಟು."