ಬೆನ್ನು ನೋಡಲು ಮೈಸೂರಿಗೆ

ಮೊಬೈಲಿನಲ್ಲಿ ಫೋಟೊ ತೋರಿಸಿ ‘ಇದೇ ಥರ ಹೊಲಿದುಕೊಡಿ’ ಎನ್ನುವುದು ಇನ್ನೂ ಶುರುವಾಗಿರಲಿಲ್ಲ. ರವಿಕೆಗೆ ಹೊಸ ಡಿಸೈನ್ ಬೇಕಾದರೆ ಆಗ ಟೈಲರ್ ಆದವಳು ಬಸ್ಸು ಹತ್ತಿ ಹೋಗಿ, ಕಣ್ಣಾರೆ ಕಂಡು, ತಲೆಯಲ್ಲಿ ತುಂಬಿಕೊಂಡು ಬರಬೇಕಿತ್ತು. ನನ್ನ ಸರೋಜತ್ತೆ ಹಾಗೆ ಮೊದಲ ಸಲ ಮಾದಾಪುರದಿಂದ ಮೈಸೂರಿಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದಳು. ನನ್ನ ಐದನೇ ಕ್ಲಾಸಿನ ಪರೀಕ್ಷೆ ಆಗಷ್ಟೇ ಮುಗಿದಿತ್ತು. ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ಬಸ್ಸಿನ ಕಿಟಕಿಯಿಂದ ಮೂಗು ಹೊರಗೆ ಹಾಕಿದರೆ ಸುಂಟಿಕೊಪ್ಪ ದಾಟುವವರೆಗೂ ಅದೇ ಪರಿಮಳ.

ಸರೋಜತ್ತೆ ಅಪ್ಪನ ತಂಗಿ. ನಮ್ಮವರು ಕೊಡ್ಲಿಪೇಟೆ ಕಡೆಯವರು. ಅಪ್ಪ ಮಾದಾಪುರದ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರಿಂದ ನಾವು ಅಲ್ಲಿದ್ದೆವು. ಅತ್ತೆ ಗಂಡನ ಮನೆ ಬಿಟ್ಟು ಬರುವಾಗ ಅಲ್ಲಿಂದ ತಂದದ್ದು ಒಂದು ಹೊಲಿಗೆ ಮಿಷನ್ ಮಾತ್ರ. ಯಾಕೆ ಬಂದಳು ಎಂದು ಕೇಳಿದರೆ ಅಮ್ಮ ಕಣ್ಣು ದೊಡ್ಡದು ಮಾಡುತ್ತಿದ್ದಳು. ಹಿಟ್ಟಿನ ಗಿರಣಿಯ ಪಕ್ಕದ ಸಣ್ಣ ಕೋಣೆಯಲ್ಲಿ ಅಪ್ಪ ಆ ಮಿಷನ್ ಹಾಕಿಸಿಕೊಟ್ಟರು. ಊರಿನ ಹೆಂಗಸರು ಅವಳ ಹತ್ತಿರ ಸೀರೆಗೆ ಫಾಲ್ಸ್ ಹಚ್ಚಿಸುತ್ತಿದ್ದರು, ಲಂಗ ಹೊಲಿಸುತ್ತಿದ್ದರು, ಮಕ್ಕಳ ಚಡ್ಡಿಗೆ ತೇಪೆ ಹಾಕಿಸುತ್ತಿದ್ದರು. ‘ರೈಟರ ತಂಗಿ ಹತ್ರ ಕೊಡಿ’ ಎನ್ನುತ್ತಿದ್ದರು. ಟೈಲರ್ ಎಂದು ಯಾರೂ ಅಪ್ಪಿತಪ್ಪಿಯೂ ಅಂದವರಲ್ಲ. ಮದುವೆ ರವಿಕೆ ಬಂತೆಂದರೆ ಎಲ್ಲರ ಕಾಲೂ ಮಡಿಕೇರಿ ಕಡೆಗೇ.

ಅಂಥದ್ದರಲ್ಲಿ ಮೇಲಿನ ತೋಟದ ಹೇಮಕ್ಕ ಒಂದು ದಿನ ತನ್ನ ಮದುವೆಯ ಕೆಂಪು ರೇಷ್ಮೆ ಬಟ್ಟೆ ತಂದು ಅತ್ತೆಯ ಮಿಷನ್ ಮೇಲೆ ಇಟ್ಟುಬಿಟ್ಟಳು. ಅವರು ಮನೆಯಲ್ಲಿ ಅರೆಭಾಷೆ ಮಾತಾಡುವ ಗೌಡರು; ನಮ್ಮ ಹತ್ತಿರ ಕನ್ನಡ. “ಸರೋಜಕ್ಕ, ಈ ಊರಲ್ಲಿ ಯಾರೂ ಹಾಕಿರಬಾರ್ದು, ಹಂಗಿರೋದು ಬೇಕು ನಂಗೆ” ಎಂದಳು. ಅತ್ತೆ ಬಟ್ಟೆಯನ್ನು ಮುಟ್ಟಲೋ ಬೇಡವೋ ಎಂಬಂತೆ ಮುಟ್ಟಿದಳು. ಆ ಸಂಜೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿದಳು: “ನೋಡು ಸರೋಜಾ, ಇದು ಚೆನ್ನಾಗಿ ಬಂದ್ರೆ ನಾಳೆಯಿಂದ ನೀನು ಟೈಲರ್. ಕೆಟ್ರೆ ತೇಪೆ ಹಾಕ್ಕೊಂಡೇ ಇರ್ಬೇಕು, ಅಷ್ಟೇಯ.” ಅತ್ತೆ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಮಾರನೆಯ ದಿನವೇ ನಾವು ಮೈಸೂರಿನ ಬಸ್ಸಿನಲ್ಲಿದ್ದೆವು.

ನನ್ನನ್ನು ಕರೆದುಕೊಂಡು ಹೋಗಲು ಕಾರಣವಿತ್ತು. ಅತ್ತೆಗೆ ಕತ್ತರಿ ಹಿಡಿಯಲು ಬರುತ್ತಿತ್ತು, ಪೆನ್ಸಿಲ್ ಹಿಡಿಯಲು ಬರುತ್ತಿರಲಿಲ್ಲ. ನಾನೋ, ಕಂಡದ್ದನ್ನೆಲ್ಲ ಗೀಚುವವಳು. “ನಾನು ತೋರಿಸ್ತೀನಿ, ನೀನು ಬರ್ಕೋ. ಬಾಯಿ ಮುಚ್ಕೊಂಡಿರು” ಎಂದು ಮೊದಲೇ ತಾಕೀತು ಮಾಡಿದ್ದಳು. ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಇವತ್ತಿಗೂ ಆಗಿಲ್ಲ.

ಮೈಸೂರಿನ ಮಾರುಕಟ್ಟೆಗೆ ಕಾಲಿಟ್ಟ ಕೂಡಲೇ ಅತ್ತೆಯ ಕೆಲಸ ಶುರುವಾಯಿತು. ಕೆಲಸವೆಂದರೆ, ಹೆಂಗಸರ ಬೆನ್ನ ಹಿಂದೆ ಹೋಗುವುದು! ಮುಖ ಯಾರದಾದರೆ ನಮಗೇನು, ಬೆನ್ನು ಸಿಕ್ಕಿದರಾಯಿತು. ಯಾರದೋ ರವಿಕೆಯ ಹಿಂದೆ ಚೌಕ, ಯಾರದೋ ಬೆನ್ನಿನಲ್ಲಿ ಎಲೆಯಾಕಾರ, ಇನ್ನೊಬ್ಬರಿಗೆ ಕಟ್ಟುವ ದಾರಕ್ಕೆ ಜೋತಾಡುವ ಕುಚ್ಚು. ಹೂವಿನ ಸಾಲು ದಾಟಿ, ಬಾಳೆಹಣ್ಣಿನ ಸಾಲು ದಾಟಿ, ಕುಂಕುಮದ ರಾಶಿಗಳ ನಡುವೆ ಒಬ್ಬ ದಪ್ಪ ಹೆಂಗಸಿನ ಬೆನ್ನು ಹಿಡಿದು ನಾವು ಎಷ್ಟು ದೂರ ಹೋದೆವೆಂದರೆ ಆಕೆ ಥಟ್ಟನೆ ತಿರುಗಿ ನಿಂತಳು.

“ಏನ್ರೀ, ಆವಾಗ್ಲಿಂದ ನೋಡ್ತಾ ಇದೀನಿ. ಏನ್ ಬೇಕು ನಿಮಗೆ?”

ನಾನೇ ಹೇಳಿಬಿಟ್ಟೆ: “ನಿಮ್ ಬೆನ್ನು ಬರ್ಕೋತಿದೀವಿ ಆಂಟಿ.”

ಆಕೆ ನನ್ನ ಕೈಯಲ್ಲಿದ್ದ ಕಾಗದ ನೋಡಿದಳು, ಅತ್ತೆಯನ್ನು ನೋಡಿದಳು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕಳು. ತರಕಾರಿ ಚೀಲ ಕೆಳಗಿಟ್ಟು, ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಬೆನ್ನು ತಿರುಗಿಸಿ ನಿಂತು, “ನೋಡ್ಕೊಳ್ಳಿ, ಬೇಗ ಮುಗಿಸಿ, ಮನೇಲಿ ಅನ್ನಕ್ಕಿಡಬೇಕು” ಎಂದಳು. ಅತ್ತೆ ಧೈರ್ಯ ತಂದುಕೊಂಡು ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, “ಒಳಗೆ ಕ್ಯಾನ್ವಾಸ್ ಕೊಟ್ಟವ್ರೆ, ಅದ್ಕೇ ಮಡಚಿಕೊಂಡಿಲ್ಲ” ಎಂದು ನನಗೆ ಪಾಠ ಹೇಳಿದಳು.

ಅಷ್ಟು ಬೆನ್ನು ನೋಡಿಯೂ ಅತ್ತೆಗೆ ಸಮಾಧಾನವಿಲ್ಲ. “ಎಲ್ಲಾ ಯಾರಾದ್ರೂ ಹಾಕಿರೋದೇ ಆಯ್ತಲ್ಲ ಕಣೇ” ಎಂದು ಪೇಚಾಡಿಕೊಂಡಳು. ಹೋಟೆಲಿನಲ್ಲಿ ಮಸಾಲೆ ದೋಸೆ ಬಂತು. ಕೆಂಪು ಚಟ್ನಿ ಸವರಿದ ದೋಸೆಯ ಸುತ್ತುಗಳನ್ನು ನಾನು ಕಣ್ಣು ಕಿರಿದು ಮಾಡಿ ನೋಡುತ್ತ, “ಅತ್ತೇ, ಇದನ್ನ ಬರ್ಕೊಳ್ಲಾ?” ಎಂದೆ. “ಮೊದಲು ತಿನ್ನು, ಆರಿಹೋಗ್ತದೆ” ಎಂದು ಗದರಿದಳು. ಆದರೆ ಅಲ್ಲಿಂದ ಹೊರಬಿದ್ದ ಮೇಲೆ ಅವಳಿಗೂ ಅದೇ ಹುಚ್ಚು ಹಿಡಿಯಿತು. ಗೇಟಿನ ಬಳ್ಳಿ ನೋಡಿ “ಇದು ಅಂಚಿಗೆ”, ಕಾಂಪೌಂಡಿನ ಕಮಾನು ನೋಡಿ “ಇದು ಕೊರಳಿಗೆ”, ಟಾಂಗಾದ ಚಕ್ರ ನೋಡಿ “ಇದು ಯಾರಿಗೂ ಬೇಡ ಮಾರಾಯ್ತಿ” ಎನ್ನುತ್ತ ನಡೆದಳು. ಬಿಸಿಲಿನಲ್ಲಿ ನನ್ನ ಚಪ್ಪಲಿ ಕಿತ್ತುಹೋದದ್ದನ್ನೂ ಅವಳು ಗಮನಿಸಲಿಲ್ಲ.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಒಂದು ಹಳೆಯ ಬಂಗಲೆ. ಅದರ ಬಾಗಿಲ ಮೇಲೆ ಅರ್ಧ ವೃತ್ತದ ಗಾಳಿಕಿಂಡಿ, ನಡುವಿನಿಂದ ಸುತ್ತಲೂ ಹೊರಟ ಕಬ್ಬಿಣದ ಸಲಾಕೆಗಳು, ಮುಳುಗುವ ಸೂರ್ಯನ ಹಾಗೆ. ಅತ್ತೆ ರಸ್ತೆ ನಡುವೆಯೇ ನಿಂತಳು. ಸೈಕಲ್ಲಿನವನು ಬೆಲ್ ಹೊಡೆದು ಬೈದು ಹೋದ.

“ಕೂಸೇ, ಬರ್ಕೋ. ಬೇಗ ಬರ್ಕೋ.”

“ಯಾವುದಕ್ಕೆ ಅತ್ತೆ?”

“ಬೆನ್ನಿಗೆ!”

ಊರಿಗೆ ಬಂದು ಅತ್ತೆ ಆ ಗಾಳಿಕಿಂಡಿಯನ್ನು ರೇಷ್ಮೆಯಲ್ಲಿ ಹೊಲಿದಳು. ಬೆನ್ನಿನಲ್ಲಿ ಅರ್ಧ ವೃತ್ತ ಕತ್ತರಿಸಿ, ಸಲಾಕೆಗಳ ಜಾಗದಲ್ಲಿ ಚಿನ್ನದ ಬಣ್ಣದ ಸಣ್ಣ ಪೈಪಿಂಗ್ ಕೂರಿಸಿದಳು. ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು ಅವಳ ಬೆರಳ ತುದಿ ತೂತುತೂತಾಗಿತ್ತು. ಹೇಮಕ್ಕ ತೊಟ್ಟು ನೋಡಲು ಬಂದ ದಿನ ಗಿರಣಿಗೆ ರಾಗಿ ತಂದವರೂ ಚೀಲ ಬಿಟ್ಟು ಬಂದು ನೋಡಿದರು. ಹೇಮಕ್ಕನ ಅವ್ವ ಮಗಳ ಬೆನ್ನು ಮುಟ್ಟಿ ಮುಟ್ಟಿ “ಚೆಂದ ಉಟ್ಟು, ಭಾರೀ ಚೆಂದ ಉಟ್ಟು” ಎಂದರು. ಉಟ್ಟು ಎಂದರೆ ಅವರ ಅರೆಭಾಷೆಯಲ್ಲಿ ‘ಇದೆ’ ಎಂದು. ಅತ್ತೆ ಮುಖವನ್ನು ಮಿಷನ್ ಕಡೆ ತಿರುಗಿಸಿಕೊಂಡಳು. ಅವಳು ಅಳುತ್ತಿದ್ದಳು ಎಂದು ನನಗೆ ಗೊತ್ತಾಗಿತ್ತು.

ಮದುವೆಯ ಹಿಂದಿನ ದಿನ, ಚಪ್ಪರ ಹಾಕುವ ದಿನ, ಮಧ್ಯಾಹ್ನಕ್ಕೇ ನಾವು ಮದುವೆ ಮನೆಯಲ್ಲಿದ್ದೆವು. ಹಿತ್ತಲಿನಲ್ಲಿ ದೊಡ್ಡ ಪಾತ್ರೆಯಲ್ಲಿ ಹಂದಿ ಮಾಂಸ ಬೇಯುತ್ತಿತ್ತು. ಕಾಳುಮೆಣಸು, ಕಾಚಂಪುಳಿಯ ಹುಳಿ ವಾಸನೆಗೆ ನನ್ನ ಬಾಯಲ್ಲಿ ನೀರು. ಹೇಮಕ್ಕನ ಅಜ್ಜಿ ಸೀರೆಯ ಉದ್ದ ಸಾಲುತ್ತದೋ ಇಲ್ಲವೋ ನೋಡಿಬಿಡೋಣವೆಂದು ಮೊಮ್ಮಗಳಿಗೆ ರವಿಕೆ ತೊಡಿಸಿ ಸೀರೆ ಉಡಿಸತೊಡಗಿದರು. ಕೊಡಗಿನ ಕ್ರಮದಲ್ಲಿ. ನೆರಿಗೆಗಳನ್ನು ಹಿಂದಕ್ಕೆ ಸಿಕ್ಕಿಸಿದರು. ಸೆರಗನ್ನು ಎದೆಯ ಮೇಲಿಂದ ಎಳೆದು, ಎಡಗಂಕುಳ ಕೆಳಗಿಂದ ಬೆನ್ನಿಗೆ ತಂದು, ಬಿಗಿಯಾಗಿ ಬಲಭುಜದ ಮೇಲೆ ಪಿನ್ನು ಹಾಕಿದರು.

ಬೆನ್ನಿನ ಗಾಳಿಕಿಂಡಿ ಸೀರೆಯ ಅಡಿಗೆ ಹೋಯಿತು.

ದಿನನಿತ್ಯ ಎಲ್ಲರೂ ಉಡುತ್ತಿದ್ದದ್ದು ಮಾಮೂಲಿ ಕ್ರಮದ ಸೀರೆ. ಕೊಡಗಿನ ಸೀರೆ ಮದುವೆಗೆ, ಹಬ್ಬಕ್ಕೆ ಮಾತ್ರ. ಈ ಸೀರೆ ಉಡದ ಕೊಡ್ಲಿಪೇಟೆ ಕಡೆಯ ನಮ್ಮ ಅತ್ತೆಗೆ ಹೊಳೆಯದಿದ್ದದ್ದು ಇರಲಿ, ತೊಟ್ಟು ನೋಡಿದ ದಿನ ಬಾಯಿ ತುಂಬ ಹೊಗಳಿದ ಹೇಮಕ್ಕನ ಅವ್ವನಿಗೂ ಹೊಳೆದಿರಲಿಲ್ಲ. ಯಾರೋ ಚಿಕ್ಕಮ್ಮ ಕಿಸಕ್ಕೆಂದು ನಕ್ಕರು.

“ಮಾಮೂಲಿ ಥರಾನೇ ಉಟ್ರಾಯ್ತಲ್ಲ ಅಜ್ಜಿ” ಎಂದಳು ಹೇಮಕ್ಕ, ಅಳು ನುಂಗಿಕೊಂಡು.

“ನಮ್ಮ ಮನೆ ಹೆಣ್ಣು ಧಾರೆಗೆ ಹಂಗೆ ಉಡ್ದು ಇಲ್ಲೆ” ಎಂದರು ಅಜ್ಜಿ. ಆಮೇಲೆ ಅತ್ತೆಯ ಕಡೆ ತಿರುಗಿ, ಕನ್ನಡದಲ್ಲಿ, “ನೀನು ಬೇಜಾರ್ ಮಾಡ್ಬೇಡ ಮಗಳೇ. ಆದ್ರೆ ಈಗ ಇದು ಬರೀ ಕೆಂಪು ರವಿಕೆ” ಎಂದರು.

ನಕ್ಕ ಚಿಕ್ಕಮ್ಮ ಹೇಳಿದರು: “ನನ್ನ ಮಗಳದ್ದು ಮಡಿಕೇರೀಲಿ ಹೊಲಿಸಿದ್ದು ಉಂಟು. ತೋಳಿಗೆಲ್ಲ ಕೆಲಸ ಮಾಡಿದ್ದಾರೆ. ಹೇಮಂಗೆ ಆಗ್ತದೆ.”

ಮಡಿಕೇರಿ ಎಂದ ಕೂಡಲೇ ಅತ್ತೆಯ ಮುಖ ಸಪ್ಪಗಾಯಿತು. ಅವಳು ಹೊರಗೆ ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತಳು. ನನಗೆ ಆ ಚಿಕ್ಕಮ್ಮನ ಕಾಲಿಗೆ ಚಿವುಟಬೇಕು ಎನ್ನುವಷ್ಟು ಸಿಟ್ಟು ಬಂತು. ಅತ್ತೆಯ ಪಕ್ಕ ಕುಳಿತು ಅವಳ ಸೆರಗಿನ ತುದಿಯನ್ನು ಸುತ್ತುತ್ತಿದ್ದೆ.

ಅಂಗಳದಲ್ಲಿ ಮದುವೆ ಮನೆಯ ಮಕ್ಕಳ ದಂಡು. ತೋಡಿನ ನೀರಿನ ಬದಿಯಿಂದ ಜರಿಗಿಡದ ಎಲೆ ಕಿತ್ತು ತಂದಿದ್ದರು. ನಮ್ಮ ಕಡೆ ಬೆಳೆದವರಿಗೆ ಗೊತ್ತು, ಎಲೆಯ ಅಡಿಗೆ ಬಿಳಿ ಪುಡಿ ಇರುವ ಜರಿಗಿಡ. ಅದನ್ನು ಕೈಮೇಲೆ ಇಟ್ಟು ಚಟಾರೆಂದು ಹೊಡೆದರೆ ಎಲೆಯ ಒಂದೊಂದು ಎಸಳೂ ಬೆಳ್ಳಗೆ ಅಚ್ಚಾಗುತ್ತದೆ. ಒಂದು ಪೋರಿ ಹಿಂದಿನಿಂದ ಮೆಲ್ಲಗೆ ಬಂದು ಅತ್ತೆಯ ತೋಳಿಗೇ ಬಾರಿಸಿ ಓಡಿತು.

“ಅಯ್ಯೋ ನಿನ್ನ! ನಿಲ್ಲೇ, ಬಂದೆ ಇರು...” ಎಂದು ಅತ್ತೆ ಎದ್ದಳು. ಎದ್ದವಳು ಓಡಲಿಲ್ಲ. ತನ್ನ ಕಪ್ಪು ರವಿಕೆಯ ತೋಳನ್ನು ನೋಡುತ್ತ ನಿಂತಳು. ಭುಜದಿಂದ ಮೊಣಕೈ ಕಡೆಗೆ ಇಳಿಬಿದ್ದ ಬಿಳಿ ಎಲೆ, ಒಂದು ಎಸಳೂ ತಪ್ಪದೆ ಅಲ್ಲಿ ಮೂಡಿತ್ತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಸೀರೆಯಲ್ಲಿ ಪೂರ್ತಿ ಕಾಣುವುದು ತೋಳುಗಳೇ ಅಲ್ಲವೇ!

ಅತ್ತೆ ಒಳಗೆ ಹೋಗಿ ನೇರ ಅಜ್ಜಿಯ ಮುಂದೆ ನಿಂತಳು. “ಅಜ್ಜಿ, ದೀಪ ಹಚ್ಚೋವರೆಗೆ ಟೈಮ್ ಕೊಡಿ. ಚೆನ್ನಾಗಾಗ್ಲಿಲ್ಲ ಅಂದ್ರೆ ಮಡಿಕೇರಿದೇ ಹಾಕ್ಸಿ.” ಅಜ್ಜಿ ಅವಳ ತೋಳಿನ ಅಚ್ಚನ್ನು ಕನ್ನಡಕ ಏರಿಸಿ ನೋಡಿದರು. “ದಾರ ಎಲ್ಲಿದೆ?” ಎಂದರು. ಇರಲಿಲ್ಲ. ಅಜ್ಜಿ ಪೆಟ್ಟಿಗೆ ತೆಗೆದು, ಹರಿದು ಜೂಲಾದ ತಮ್ಮ ಹಳೆಯ ಸೀರೆಯೊಂದರ ಅಂಚಿನಿಂದ ತಾವೇ ಜರಿಯ ಎಳೆ ಬಿಡಿಸತೊಡಗಿದರು.

ನಾನು ಸೀಮೆಸುಣ್ಣದಿಂದ ರೇಷ್ಮೆಯ ಮೇಲೆ ಎಲೆ ಬರೆದೆ. ಬಲತೋಳಿಗೊಂದು, ಎಡತೋಳಿಗೊಂದು, ಎರಡೂ ಒಂದನ್ನೊಂದು ನೋಡುವಂತೆ. ಅತ್ತೆ ಜಗುಲಿಯಲ್ಲಿ ಕುಳಿತು ಸರಪಳಿ ಹೊಲಿಗೆ ಹಾಕುತ್ತಾ ಹೋದಳು. ಈರುಳ್ಳಿ ಹೆಚ್ಚುತ್ತಿದ್ದವರು, ಕೊಬ್ಬರಿ ತುರಿಯುತ್ತಿದ್ದವರು ಒಬ್ಬೊಬ್ಬರಾಗಿ ಬಂದು ಇಣುಕಿ ಹೋಗುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಎಸಳು ಮುಗಿಯಿತು. ಅಜ್ಜಿ ಹೇಮಕ್ಕನಿಗೆ ಮತ್ತೆ ಸೀರೆ ಉಡಿಸಿ, ದೂರ ನಿಂತು ನೋಡಿ, ಮಡಿಕೇರಿಯ ರವಿಕೆಯನ್ನು ಮಡಚಿ ಆ ಚಿಕ್ಕಮ್ಮನ ಕೈಗೆ ಕೊಟ್ಟರು.

ಕೊಡಗಿನ ಮದುವೆಯಲ್ಲಿ ಬಂದವರೆಲ್ಲ ಸಾಲಾಗಿ ಹೋಗಿ, ಕುಳಿತ ಮದುಮಗಳ ಮೊಣಕಾಲಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿ ಎನ್ನುವ ಮೂತಿಯ ಚೊಂಬಿನಿಂದ ಹಾಲು ಕುಡಿಸಿ ಹರಸಬೇಕು. ಭುಜಕ್ಕೆ ಅಕ್ಕಿ ಹಾಕುವವರ ಕಣ್ಣು ತೋಳಿಗೆ ಬೀಳದೆ ಇನ್ನೆಲ್ಲಿಗೆ ಹೋದೀತು? ಹಾಗಾಗಿ ಆ ಚಪ್ಪರದಲ್ಲಿದ್ದ ಒಬ್ಬೊಬ್ಬ ಹೆಂಗಸೂ ಆ ಎಲೆಯನ್ನು ಹತ್ತಿರದಿಂದ ನೋಡಿದಳು. ಹುದಿಕೇರಿಯಿಂದ ಬಂದಿದ್ದ ಗಂಡಿನ ಕಡೆಯ ಒಬ್ಬರು ಅಕ್ಕಿ ಕೈಯಲ್ಲೇ ಹಿಡಿದುಕೊಂಡು ಕೇಳಿದರು: “ಎಲ್ಲಿ ಹೊಲಿಸಿದ್ದು ಇದು, ಮೈಸೂರಲ್ಲಾ?”

“ಇಲ್ಲೇ” ಎಂದರು ಪಕ್ಕದಲ್ಲಿ ನಿಂತಿದ್ದ ಅಜ್ಜಿ. “ನಮ್ಮ ಊರಿನ ಟೈಲರ್.”

ಅತ್ತೆ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಆಮೇಲಿನ ಬೇಸಿಗೆಗಳಲ್ಲಿ ಮದುವೆ ರವಿಕೆಗಳು ಒಂದರ ಮೇಲೊಂದು ಬಂದವು. ಅತ್ತೆ ಎಷ್ಟೋ ವರ್ಷ ಹೊಲಿದಳು, ಮಂಡಿ ಹೋದ ಮೇಲೂ ಹೊಲಿದಳು. ಈಗ ಅವಳಿಲ್ಲ. ಗಿರಣಿಯ ಸಾಲನ್ನು ಕೆಡವಿ ಅಲ್ಲಿ ರಸ್ತೆ ಅಗಲ ಮಾಡಿದ್ದಾರೆ.

ನಾನು ಮೈಸೂರಿನಲ್ಲೇ ಇದ್ದೇನೆ. ಬಟ್ಟೆ ಕಂಪನಿಯೊಂದಕ್ಕೆ ಪ್ರಿಂಟಿನ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಕುಳಿತಲ್ಲೇ ಲೋಕದ ಊರೂರಿನ ಚಿತ್ರಗಳು ಕಣ್ಣ ಮುಂದೆ ಬರುತ್ತವೆ. ಕೈಗೆ ಏನೂ ಕಡಿಮೆಯಿಲ್ಲ, ಸುಳ್ಳು ಹೇಳಬಾರದು. ಆದರೆ ನಾನು ಬರೆದದ್ದು ಯಾರ ಮೈಮೇಲೆ ಹೋಗಿ ಕೂರುತ್ತದೋ ನನಗೆ ತಿಳಿಯುವುದಿಲ್ಲ. ಅತ್ತೆಗೆ ತಾನು ಹೊಲಿದ ಒಂದೊಂದು ತೋಳೂ ಗೊತ್ತಿತ್ತು. ಯಾರಿಗೆ ಎಡಭುಜ ಒಂಚೂರು ಇಳಿದಿದೆ, ಯಾರು ಬಾಣಂತನದ ಮೇಲೆ ದಪ್ಪಗಾದರು, ಎಲ್ಲ.

ಮೊನ್ನೆ ಸಿಟಿ ಬಸ್ಸಿನಲ್ಲಿ ನನ್ನ ಮುಂದೆಯೇ ಒಬ್ಬ ಹುಡುಗಿ ನಿಂತಿದ್ದಳು. ಅವಳ ಕುರ್ತಾದ ಮೇಲಿದ್ದದ್ದು ನಾನು ಬರೆದ ಡಿಸೈನ್. ಇಷ್ಟು ವರ್ಷದಲ್ಲಿ ಹಾಗೆ ಕಣ್ಣೆದುರು ಕಂಡದ್ದು ಅದೇ ಮೊದಲು. ಮಾತಾಡಿಸಬೇಕು ಎನ್ನುವಷ್ಟರಲ್ಲಿ ಅವಳ ಸ್ಟಾಪ್ ಬಂತು, ಇಳಿದು ಜನರಲ್ಲಿ ಸೇರಿಹೋದಳು. ಬಾಯಿ ಮುಚ್ಚದ ನಾನು ಸುಮ್ಮನೆ ಕುಳಿತಿದ್ದೆ. ಅತ್ತೆಯಾಗಿದ್ದರೆ ಎದ್ದು ಹೋಗಿ ಆ ಹುಡುಗಿಯ ಭುಜ ಹಿಡಿದು ನಿಲ್ಲಿಸಿ, “ಕಂಕುಳ ಹತ್ರ ಬಿಗಿ ಆಯ್ತದಾ ಮಗಾ? ಬಿಚ್ಚಿ ಕೊಡು, ಸರಿ ಮಾಡ್ಕೊಡ್ತೀನಿ” ಎನ್ನುತ್ತಿದ್ದಳು.