ಒಟ್ಟಿಗೆ ಮಗುಚಿದ ಎರಡು ಹಾಳೆ

ನಾನು ಚಿಕ್ಕವಳಿದ್ದಾಗ ಅಪ್ಪನ ಪುಸ್ತಕದ ಬೀರು ತೆರೆದರೆ ಒಣ ಬೇವಿನೆಲೆಯ, ಹಳೆಯ ಕಾಗದದ ವಾಸನೆ ಬರುತ್ತಿತ್ತು. ಅರುವತ್ತು ವರ್ಷಗಳ ಮೇಲೆ ಅದೇ ವಾಸನೆ ದೆಹಲಿಯ ವಸ್ತುಸಂಗ್ರಹಾಲಯವೊಂದರ ಹಿಂಬದಿಯ ಉಗ್ರಾಣದಲ್ಲಿ ಎದುರಾಗುತ್ತದೆ.

ಬೆಳಿಗ್ಗೆ ಏಳು ಗಂಟೆ. ಇಲ್ಲಿನ ದಾಖಲೆ ನೋಡಿಕೊಳ್ಳುವ ಅಹಲ್ಯಾ ಕಿಟಕಿಯ ಬಳಿ ಹಳೆಯ ಮಡಕೆಯೊಂದನ್ನು ಪುಟ್ಟ ದಿಂಬಿನ ಮೇಲಿಟ್ಟು ನಿಧಾನವಾಗಿ ತಿರುಗಿಸುತ್ತಿದ್ದಾರೆ. "ಈ ಓರೆ ಬಿಸಿಲು ಅರ್ಧ ಗಂಟೆ ಇರತ್ತೆ ಅಷ್ಟೇ ಅಮ್ಮಾ. ಹಳಬರು ಪೆನ್ಸಿಲಲ್ಲಿ ಬರೆದ ನಂಬರು ಟ್ಯೂಬ್‌ಲೈಟಲ್ಲಿ ಕಾಣಲ್ಲ." ಅದಕ್ಕೆಂದೇ ಅವರು ಪೀತಮ್‌ಪುರಾದಿಂದ ಇಷ್ಟು ಬೇಗ ಮೆಟ್ರೊ ಹಿಡಿದು ಬರುತ್ತಾರೆ. ಕಾವಲಿನ ಭಯ್ಯಾ ಆಗಲೇ ಕಿಟಕಿ ಒರೆಸಿಟ್ಟಿರುತ್ತಾನೆ.

ಯಾವ ವಸ್ತು ಯಾವ ನೆಲದಲ್ಲಿ ಸಿಕ್ಕಿತು, ಯಾರ ಕೈ ದಾಟಿ ಇಲ್ಲಿಗೆ ಬಂತು ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಹಳೆಯ ರಿಜಿಸ್ಟರು, ಪತ್ರ, ರೈಲ್ವೆ ಪಾರ್ಸೆಲ್ ಚೀಟಿ, ಎಲ್ಲವನ್ನೂ ತಾಳೆ ನೋಡಬೇಕು. ದಿನಕ್ಕೆ ಆರೇಳು ವಸ್ತು. ಕೆಲವು ದಿನ ಒಂದೂ ಇಲ್ಲ. "ಊರು ಗೊತ್ತಿಲ್ಲದಿದ್ರೆ ಅದು ಬರೀ ಮಡಕೆ."

ದಾವಣಗೆರೆಯಲ್ಲಿ ಬಿ.ಎ. ಮುಗಿಸಿ, ಕೇಂದ್ರ ಸರ್ಕಾರದ ಗುಮಾಸ್ತ ನಾರಾಯಣಸ್ವಾಮಿಯವರ ಕೈಹಿಡಿದು ದೆಹಲಿಗೆ ಬಂದವರು. ಇಲ್ಲಿ ಟೈಪಿಸ್ಟ್ ಆಗಿ ಸೇರಿ ಮೂವತ್ತೊಂದು ವರ್ಷ. "ಮನೇಲಿ ಸಕ್ಕರೆ ಡಬ್ಬಿಗೂ ನಂಬರು ಹಾಕ್ತೀಯಾ ಅಂತ ನಮ್ಮವರು ಆಡ್ಕೋತಾರೆ. ಹಾಕಿದೀನಿ ಕೂಡ."

ನಿವೃತ್ತಿಗೆ ಉಳಿದಿರುವುದು ಹನ್ನೆರಡು ದಿನ. ಹೊಸ ಗ್ಯಾಲರಿಗೆ ಇಪ್ಪತ್ತಾರು ಮಡಕೆ ಹೋಗಲಿವೆ. ಅವುಗಳ ಫಲಕ ನಾಳೆ ಅಚ್ಚಿಗೆ. ದಾಖಲೆಯ ಪ್ರಕಾರ ಅವು ಉತ್ತರ ಭಾರತದ ಒಂದು ದಿಬ್ಬದಲ್ಲಿ ಅಗೆದು ತೆಗೆದವು. ಆಕಾರ ಮಾತ್ರ ದಕ್ಷಿಣದ ಕಲ್ಗೋರಿಗಳಲ್ಲಿ, ಅಂದರೆ ಬಂಡೆಕಲ್ಲು ನಿಲ್ಲಿಸಿ ಕಟ್ಟಿದ ಪ್ರಾಚೀನ ಸಮಾಧಿಗಳಲ್ಲಿ, ಸಿಗುವಂಥದ್ದು. ಅಹಲ್ಯಾ ಮೂಲ ರಿಜಿಸ್ಟರನ್ನು ತೆಗೆಸಿ ನೋಡಿದರು.

ಅದರಲ್ಲಿ ಊರಿನ ಹೆಸರನ್ನು ಒಮ್ಮೆ ಬರೆದು, ಕೆಳಗಿನ ಸಾಲುಗಳಿಗೆಲ್ಲ 'ಮೇಲಿನಂತೆ' ಎಂದು ಎರಡು ಗೀಟು ಎಳೆದಿದ್ದಾರೆ. ಹೊಸ ರಿಜಿಸ್ಟರಿಗೆ ನಕಲು ಮಾಡುವಾಗ ಯಾರೋ ಎರಡು ಹಾಳೆ ಒಟ್ಟಿಗೆ ಮಗುಚಿದ್ದಾರೆ. ಹೊಸ ಊರಿನ ಹೆಸರಿದ್ದ ಪುಟವೇ ಹಾರಿಹೋಗಿ, ಮುಂದಿನ ಗೀಟುಗಳೆಲ್ಲ ಹಿಂದಿನ ಊರಿಗೆ ಸೇರಿವೆ. "ಹೊಸದರಲ್ಲಿ ಮಧ್ಯೆ ಹದಿನೆಂಟು ನಂಬರೇ ಇಲ್ಲ. ಒಡೆದು ಹೋದವೇನೋ ಅಂದ್ಕೊಂಡಿದ್ವಿ. ಕೊನೇಲಿ ನಕಲು ಮಾಡಿದವರ ಸಹಿ ನೋಡಿದೆ. ನನ್ನದೇ."

ಸೇರಿದ ಮೊದಲ ವರ್ಷದ ತಪ್ಪು. ಊರಿನ ಹೆಸರನ್ನಷ್ಟೇ ತಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. "ಕಾರಣ ಬರೀಬೇಡ, ಹೋಗೋ ಕಾಲಕ್ಕೆ ಸರ್ವಿಸ್ ಬುಕ್ಕಿಗೆ ಕಪ್ಪು ಚುಕ್ಕೆ ಯಾಕೆ ಅಂದ್ರು ನಮ್ಮವರು. ಬರೆದೇ ಬಿಟ್ಟೆ."

ಹತ್ತೂವರೆಗೆ, ತಪ್ಪು ತಮ್ಮದೆಂದು ಬರೆದ ಆ ಟಿಪ್ಪಣಿ ಹಿಡಿದು ಮೇಲಧಿಕಾರಿ ವಿಮಲಾ ಭಾಟಿಯಾ ಅವರ ಮುಂದೆ ನಿಲ್ಲುತ್ತಾರೆ. ಭಾಟಿಯಾ ಎರಡು ಸಲ ಓದುತ್ತಾರೆ.

"ಅಹಲ್ಯಾಜಿ, ಇದನ್ನು ಯಾರೂ ಕೇಳಿರಲಿಲ್ಲವಲ್ಲ?" ಹಿಂದಿಯಲ್ಲಿ ಕೇಳುತ್ತಾರೆ.

"ಮುಂದೆ ಬರೋರು ಕಾರಣ ಹುಡುಕ್ತಾ ಕೂರಬಾರದು, ಮೇಡಂ."

"ಅಚ್ಛಾ." ಭಾಟಿಯಾ ಸಹಿ ಹಾಕಿ, ಕೆಳಗೆ ಒಂದು ಸಾಲು ಸೇರಿಸುತ್ತಾರೆ: 'ತಪ್ಪನ್ನು ಪತ್ತೆ ಹಚ್ಚಿದವರೂ ಇವರೇ.' ಆಮೇಲೆ ಮುದ್ರಣದವರಿಗೆ ಫೋನ್ ಮಾಡಿ ತುಂಗಭದ್ರೆಯ ದಡದ ಹಳ್ಳಿಯೊಂದರ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾರೆ.

"ನನ್ನ ಹೆಸರು ಎಲ್ಲೂ ಬೇಡಮ್ಮಾ," ಅಹಲ್ಯಾ ನನಗೆ ಹೇಳುತ್ತಾರೆ. "ಆ ಊರಿನೋರು ಯಾರಾದ್ರೂ ದಿಲ್ಲಿ ನೋಡೋಕೆ ಬಂದಾಗ ಫಲಕ ಓದಿ, ಅರೆ, ನಮ್ಮೂರು ಅಂದ್ರೆ ಸಾಕು."

ಊಟದ ಹೊತ್ತಿಗೆ ಚೀಲ ತಡಕುತ್ತಾರೆ. ಬೆಳಗಿನ ಅಳುಕಿನಲ್ಲಿ ಡಬ್ಬಿಯನ್ನು ಮನೆಯಲ್ಲೇ ಮರೆತಿದ್ದಾರೆ. ಎದುರು ಮೇಜಿನಲ್ಲಿ ಫೈಲು ಓದುತ್ತಿದ್ದ ಭಾಟಿಯಾ ತಲೆ ಎತ್ತುವುದಿಲ್ಲ. ತಮ್ಮ ಡಬ್ಬಿಯ ಮುಚ್ಚಳಕ್ಕೆ ಎರಡು ರೊಟ್ಟಿ, ಪಕ್ಕದಲ್ಲಿ ಆಲೂ ಮೇಥಿ ಬಡಿಸಿ ಅವರತ್ತ ಸರಿಸುತ್ತಾರೆ.